ತಂತಿಯ ಊಳಿಗವೂ ದಕ್ಷಿಣ ಕನ್ನಡದ ಒಳನಾಡೂ

ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಚರಿತ್ರೆಯೆಂದರೆ ಸಾಮಾನ್ಯವಾಗಿ ಬಂಗರು, ಅಜಿಲರು, ಚೌಟರು ಎಂಬ ಅರಸುಮನೆತನಗಳ ಚರಿತ್ರೆ. ಇಲ್ಲವೆ ಸಾವಿರ ಕಂಬದ ಬಸದಿ, ವೇಣೂರಿನ ಗೊಮ್ಮಟ, ಧರ್ಮಸ್ಥಳದ ಕ್ಷೇತ್ರ ಇವುಗಳ ಚರಿತ್ರೆ. ಶಿಲಾಶಾಸನಗಳೂ ಓಲೆಯ ಗ್ರಂಥಗಳೂ ಇಂಥ ವಿಷಯಗಳನ್ನೇ ತಿಳಿಸುವುದರಿಂದ ವಿದ್ವಾಂಸರ ಗಮನವು ಆ ಕಡೆಗೆ ಹರಿದುದು ಸಹಜವೇ ಸರಿ. ಆದರೆ ಕಳೆದ ನೂರೈವತ್ತು ವರ್ಷಗಳಲ್ಲಿ ಈ ಸೀಮೆಯ ಎಷ್ಟೋ ಮನೆಗಳ ಸ್ಥಿತಿಗತಿಗಳನ್ನು ಮಾರ್ಪಡಿಸಿದ ಸಣ್ಣಪುಟ್ಟ ಸರಕಾರೀ ಊಳಿಗಗಳ ಚರಿತ್ರೆಯನ್ನು ಯಾರೂ ಅಷ್ಟಾಗಿ ವಿಚಾರಿಸಿದಂತೆ ಕಾಣುವುದಿಲ್ಲ. ಇವುಗಳಲ್ಲಿ ತಂತಿ ಮತ್ತು ದೂರವಾಣಿಯ ಊಳಿಗಕ್ಕೆ ಒಂದು ವಿಶೇಷವುಂಟು. ಉಪಾಧ್ಯಾಯನ ಕಸಬು ಮೂರು ತಲೆಮಾರು ಕಳೆದರೂ ಬಹುಮಟ್ಟಿಗೆ ಹಾಗೆಯೇ ಉಳಿಯಿತು. ತಂತಿಯ ಕಸಬಾದರೋ ತಲೆಮಾರಿಗೊಮ್ಮೆ ಬೇರೆಯಾಯಿತು. ತಂದೆಯ ಕೈಗೆ ಒಲಿದ ವಿದ್ಯೆ ಮಗನ ಕಾಲಕ್ಕೆ ನಿರುಪಯೋಗವೆನಿಸಿತು. ಹೀಗಿದ್ದರೂ ಅದು ಬಹುಕಾಲ ‘ಖಾಯಂ ಕೆಲಸ’ವೆಂಬ ಗೌರವವನ್ನು ಪಡೆದುದು ಹೇಗೆ, ಕೊನೆಗೆ ಆ ಗೌರವವನ್ನು ಕಳೆದುಕೊಂಡುದೇಕೆ ಎಂಬುದು ಪ್ರಕೃತ ವಿಚಾರ.

ಮೂರು ಊರುಗಳೂ ಮಂಗಳೂರಿನ ಬೆನ್ನಿಗಿರುವ ಒಳನಾಡಿಗೆ ಸೇರಿದುವು. ಘಟ್ಟದ ಮೇಲಿನ ಕಾಫಿ, ಧಾನ್ಯ ಮೊದಲಾದುವು ಬಂಡಿಗಳಲ್ಲಿ ಇಳಿದುಬಂದು ಬಂಟವಾಳ, ಪಾಣೆಮಂಗಳೂರುಗಳ ಕಡವಿನಲ್ಲಿ ದೋಣಿಯೇರಿ ನೇತ್ರಾವತಿಯ ಪ್ರವಾಹದೊಡನೆ ಮಂಗಳೂರಿಗೆ ಹೋಗುತ್ತಿದ್ದುವು. ಚಾರ್ಮಾಡಿ ಘಟ್ಟವನ್ನಿಳಿದ ದಾರಿಗೆ ಬೆಳ್ತಂಗಡಿಯು ತಂಗುವ ಸ್ಥಳ. ಮೂಡಬಿದಿರೆಯು ಮಂಗಳೂರಿನಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿರುವ ಜೈನರ ಪುಣ್ಯಕ್ಷೇತ್ರ. ಆಡಳಿತದಲ್ಲಿ ಇವು ೧೯೫೬ರ ನವೆಂಬರದ ವರೆಗೆ ಮದ್ರಾಸು ಅಧಿಪತ್ಯಕ್ಕೂ ಅನಂತರ ಮದ್ರಾಸು ರಾಜ್ಯಕ್ಕೂ ಸೇರಿದ್ದುವು. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳದಿದ್ದರೆ ಇಲ್ಲಿಯ ಊಳಿಗದ ಚರಿತ್ರೆಯು ಅರ್ಥವಾಗುವುದಿಲ್ಲ. ಏಕೆಂದರೆ ಇಲ್ಲಿಯ ತರುಣನೊಬ್ಬನು ಸರಕಾರೀ ಕೆಲಸವನ್ನು ಅಪೇಕ್ಷಿಸಿದಾಗ ಅವನು ಮುಖಮಾಡಬೇಕಾಗಿದ್ದುದು ಮೈಸೂರಿನ ಕಡೆಗಲ್ಲ, ಮದ್ರಾಸಿನ ಕಡೆಗೆ.

ಈ ಭೇದವು ಮಾತಿನಲ್ಲಿಯೂ ಉಳಿದಿದೆ. ಮೈಸೂರು ಸೀಮೆಯಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಿಂದ, ಎಂದರೆ ೧೬೭೨ರ ಸುಮಾರಿನಿಂದ, ನಡೆದುಬಂದ ‘ಅಂಚೆ’ಯು ೧೮೮೯ರಲ್ಲಿ ಬ್ರಿಟಿಷ್ ಇಂಡಿಯದ ಇಲಾಖೆಯಲ್ಲಿ ಲೀನವಾದರೂ ಅದರ ಹೆಸರು ಅಳಿಯಲಿಲ್ಲ. ದಕ್ಷಿಣ ಕನ್ನಡದಲ್ಲಿ ಬಳಕೆಯಾದ ಶಬ್ದವು ‘ಟಪ್ಪಾಲು’. ಅದಕ್ಕೂ ಹಿಂದಿನದು ‘ಓಲೆ’; ತುಳುವಿನಲ್ಲಿಯೂ ಕನ್ನಡದಲ್ಲಿಯೂ ಪತ್ರಕ್ಕೆ ಸಲ್ಲುವ ಈ ಶಬ್ದವು ಮೂಡಬಿದಿರೆಯ ಭಂಡಾರದ ಧವಲಾದಿ ಗ್ರಂಥಗಳ ತಾಳೆಯ ಗರಿಯನ್ನೇ ನೆನಪಿಗೆ ತರುವುದು. ‘ತಂತಿ’ಯಾದರೋ ಸಂಸ್ಕೃತದ ‘ತಂತ್ರೀ’ ಶಬ್ದದ ತದ್ಭವ. ವೀಣೆಗೆ ಸಲ್ಲುತ್ತಿದ್ದ ಮಾತು. ಲೋಹದ ಎಳೆಯ ಮೂಲಕ ಬಂದ ವರ್ತಮಾನಕ್ಕೂ ಆ ಎಳೆಗೂ ಕನ್ನಡಿಗರು ಒಂದೇ ಹೆಸರನ್ನು ಕೊಟ್ಟರು. ‘ತಂತಿ ಬಂತು’ ಎಂದೊಡನೆ ಮನೆಯವರ ಎದೆ ನಡುಗುತ್ತಿದ್ದುದನ್ನು ಹಿರಿಯರು ಇಂದಿಗೂ ಹೇಳುವರು. ವಿವಾಹದ ಶುಭಾಶಯವೂ ಅದೇ ತಂತಿಯಲ್ಲಿಯೇ ಬರುತ್ತಿತ್ತೆಂಬುದನ್ನು ಮಾತ್ರ ಜನರು ಮರೆತಂತಿದೆ. ಮರಣವಾರ್ತೆಗೆ ಒಗ್ಗಿದ ಶಬ್ದವು ಮಂಗಳಕ್ಕೆ ಒಗ್ಗುವುದು ಕಷ್ಟವೆಂದು ತೋರುತ್ತದೆ.

ತಂತಿಗೆ ಪೂರ್ವದಲ್ಲಿ ವರ್ತಮಾನವು ಎಷ್ಟು ನಿಧಾನವಾಗಿ ಸಂಚರಿಸುತ್ತಿದ್ದಿತೆಂಬುದಕ್ಕೆ ಕನ್ನಡದ ಮೊದಲನೆಯ ವೃತ್ತಪತ್ರಿಕೆಯೇ ಸಾಕ್ಷಿ. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗರು ೧೮೪೩ರ ಜುಲೈಯಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ವು ಪಾಕ್ಷಿಕವಾಗಿದ್ದಿತು. ಹದಿನೈದು ದಿನಕ್ಕೊಮ್ಮೆ ಲೋಕದ ಸುದ್ದಿ ತಿಳಿದರೆ ಆ ಕಾಲಕ್ಕೆ ಅದೇ ಶೀಘ್ರ. ಓಟಗಾರನ ಕಾಲಿನ ವೇಗವೇ ಸುದ್ದಿಯ ವೇಗ. ಮಳೆಗಾಲದಲ್ಲಿ ಹೊಳೆಯ ಕಡವು ನಿಂತರೆ ಸುದ್ದಿಯೂ ನಿಲ್ಲುವುದು.

ಇಂಡಿಯದಲ್ಲಿ ತಂತಿಯ ಕಾರ್ಯವು ಕಲ್ಕತ್ತೆಯಲ್ಲಿ ಆರಂಭವಾಯಿತು. ವೈದ್ಯನೂ ರಸಾಯನಶಾಸ್ತ್ರಜ್ಞನೂ ಆಗಿದ್ದ ವಿಲಿಯಂ ಓಶಾನೆಸ್ಸಿ ಎಂಬವನು ಕಲ್ಕತ್ತೆಯಿಂದ ಡೈಮಂಡ್ ಹಾರ್ಬರಿಗೆ ಹಾಕಿಸಿದ ತಂತಿಯು ೧೮೫೧ರ ಸುಮಾರಿಗೆ ಕೆಲಸ ಮಾಡತೊಡಗಿತು. ೧೮೫೫ರ ಫೆಬ್ರವರಿಯಲ್ಲಿ ತಂತಿಯು ಸಾರ್ವಜನಿಕರ ಉಪಯೋಗಕ್ಕೆ ತೆರೆಯಲ್ಪಟ್ಟಿತು. ಓಶಾನೆಸ್ಸಿಯ ಕೈಕೆಳಗೆ ಕೆಲಸ ಕಲಿತ ಶಿವಚಂದ್ರ ನಂದಿಯೆಂಬ ಬಂಗಾಳದ ಗೃಹಸ್ಥನನ್ನು ಈ ದೇಶದಲ್ಲಿ ತಂತಿಯ ಊಳಿಗವನ್ನೇ ಜೀವನವೃತ್ತಿಯನ್ನಾಗಿ ಮಾಡಿಕೊಂಡ ಮೊದಲಿಗರಲ್ಲಿ ಒಬ್ಬನೆಂದು ಎಣಿಸಬೇಕು. ೧೮೮೫ರ ತಂತಿಯ ಶಾಸನವು ಈ ಅಧಿಕಾರವೆಲ್ಲವನ್ನೂ ಸರಕಾರದ ಕೈಯಲ್ಲಿರಿಸಿತು. ಅದನ್ನು ತೆಗೆದುಹಾಕಲು ಹೊಸ ದೂರಸಂಪರ್ಕ ಶಾಸನವು ಹುಟ್ಟಿದುದು ೨೦೨೩ರಲ್ಲಿ. ನೂರಮೂವತ್ತೆಂಟು ವರ್ಷಗಳ ಕಾಲ ಒಂದೇ ಶಾಸನವು, ಮೋರ್ಸ್ ಯಂತ್ರದಿಂದ ಹಿಡಿದು ಕಿಸೆಯ ದೂರವಾಣಿಯ ವರೆಗೆ, ಎಲ್ಲಕ್ಕೂ ಸಾಕಾಯಿತೆಂಬುದು ಸ್ವಲ್ಪ ಆಶ್ಚರ್ಯದ ವಿಷಯವೇ.

ಟಪ್ಪಾಲಿಗೂ ತಂತಿಗೂ ಮೊದಲು ಬೇರೆಬೇರೆ ಇಲಾಖೆಗಳಿದ್ದುವು. ೧೯೧೪ರಲ್ಲಿ ಅವೆರಡೂ ಒಬ್ಬನೇ ಮುಖ್ಯಾಧಿಕಾರಿಯ ಕೈಕೆಳಗೆ ಬಂದುವು. ಆದರೆ ಸಣ್ಣ ಊರುಗಳ ಮಟ್ಟಿಗೆ ಈ ಸಂಯೋಗವು ಅದಕ್ಕೂ ಮುಂಚೆಯೇ ಆಗಿತ್ತು. ದೊಡ್ಡ ಪಟ್ಟಣಗಳಲ್ಲಿ ತಂತಿಗೆ ಪ್ರತ್ಯೇಕವಾದ ಕಚೇರಿಯೂ ಅದಕ್ಕೇ ನೇಮಕವಾದ ಸಿಗ್ನಲರುಗಳೂ ಇದ್ದರು. ಆ ಸ್ಥಾನಗಳು ಬಹುಕಾಲ ಆಂಗ್ಲೋ-ಇಂಡಿಯನ್ನರಿಗೆ ಮೀಸಲಾದಂತಿದ್ದುವು. ಒಳನಾಡಿನ ಊರುಗಳಲ್ಲಿ ಟಪ್ಪಾಲು ಕಚೇರಿಯ ಒಂದು ಮೂಲೆಯೇ ತಂತಿಯ ಕಚೇರಿ. ಬೆಳಗ್ಗೆ ಮನಿಯಾರ್ಡರು ಬರೆಯುತ್ತಿದ್ದ ಗುಮಾಸ್ತನೇ ತಿಂಗಳುಗಟ್ಟಲೆ ಅಭ್ಯಾಸಮಾಡಿ ಮೋರ್ಸ್ ಸಂಕೇತವನ್ನು ಕಲಿತು ಸಿಗ್ನಲರನೂ ಆಗುತ್ತಿದ್ದನು. ಈ ಸೀಮೆಯವರಿಗೆ ಊಳಿಗದ ಬಾಗಿಲು ತೆರೆದುದು ಈ ಮೂಲೆಯಿಂದಲೇ ಎಂದು ಹೇಳಬಹುದು.

ಆ ಬಾಗಿಲಿನ ಬೀಗದ ಕೈಯಾಗಿದ್ದುದು ಇಂಗ್ಲಿಷು. ಮೋರ್ಸನ ಸಂಕೇತವು ರೋಮನ್ ಅಕ್ಷರಗಳಿಗಾಗಿ ಹುಟ್ಟಿದುದು. ಚುಕ್ಕೆ ಮತ್ತು ಗೆರೆಗಳ ಜೋಡಣೆಯಿಂದ ಇಪ್ಪತ್ತಾರು ಅಕ್ಷರಗಳನ್ನು ಸೂಚಿಸುವುದು. ಕನ್ನಡದ ಕಾಗುಣಿತಕ್ಕೂ ಒತ್ತಕ್ಷರಗಳಿಗೂ ಅದರಲ್ಲಿ ಸ್ಥಳವಿಲ್ಲ. ೧೯೪೯ರಲ್ಲಿ ನಾಗರೀ ಲಿಪಿಯಲ್ಲಿ ತಂತಿಯನ್ನು ಕಳುಹಿಸುವ ಏರ್ಪಾಡು ಆಯಿತು. ಕನ್ನಡಿಗನಿಗಾದರೋ ತನ್ನ ಮಾತನ್ನು ಇಂಗ್ಲಿಷಿಗೆ ತಿರುಗಿಸುವುದೋ ರೋಮನ್ ಅಕ್ಷರಗಳಲ್ಲಿ ತುಂಬುವುದೋ ಎಂಬುದೇ ರೂಢಿಯಾಗಿ ಉಳಿಯಿತು. ಆದುದರಿಂದ ಮಂಗಳೂರಿನ ಸರಕಾರೀ ಕಾಲೇಜು, ೧೮೮೦ರಲ್ಲಿ ಸ್ಥಾಪಿತವಾದ ಸಂತ ಅಲೋಶಿಯಸ್ ಕಾಲೇಜು, ಮಿಶನ್ ಶಾಲೆಗಳು ಇವುಗಳ ವಿದ್ಯೆಯನ್ನು ಮೊದಲು ಪಡೆದ ವರ್ಗಗಳೇ ಊಳಿಗವನ್ನೂ ಮೊದಲು ಪಡೆದುವು. ಬಂಟವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು (೧೮೭೪-೧೯೩೭) ಇದೇ ವಿದ್ಯೆಯನ್ನು ಪಡೆದು ಉಪಾಧ್ಯಾಯಿಕೆಯನ್ನು ಹಿಡಿದರು. ಅವರ ತಲೆಮಾರಿನ ಇಂಗ್ಲಿಷ್ ಕಲಿತ ತರುಣನ ಮುಂದಿದ್ದ ದಾರಿಗಳು ನಾಲ್ಕೈದೇ. ವಕೀಲಿಗೆ ಹಣ ಬೇಕು, ಉಪಾಧ್ಯಾಯಿಕೆಗೆ ತಾಳ್ಮೆ ಬೇಕು. ತಂತಿಗೆ ಬೇಕಾದುದು ಕಿವಿ. ಕಡ್ಡಿಯ ‘ಕಟ್ಟು-ಕಡ’ ಶಬ್ದವನ್ನು ಕೇಳುತ್ತ ಕೇಳುತ್ತಲೇ ಅಕ್ಷರಗಳನ್ನು ಬರೆದುಕೊಳ್ಳುವ ಆ ಶಕ್ತಿಯು ಪುಸ್ತಕದಿಂದ ಬರುವಂಥದಲ್ಲ. ಪಳಗಿದವನು ಆ ಕೊನೆಯಲ್ಲಿ ಕುಳಿತವನು ಯಾರೆಂಬುದನ್ನು ಅವನ ಕೈಯ ನಡೆಯಿಂದಲೇ ಗುರುತಿಸುತ್ತಿದ್ದನು. ಓಲೆಯ ಪ್ರತಿಗಳಲ್ಲಿ ಲಿಪಿಕಾರನ ಹಸ್ತವನ್ನು ಗುರುತಿಸುವ ವಿದ್ವಾಂಸರಿಗೆ ಇದು ಅಪರಿಚಿತವಾದ ವಿದ್ಯೆಯಾಗಿ ತೋರಲಾರದು.

ತಂತಿಯ ಗದ್ಯವನ್ನು ಕುರಿತು ಇಲ್ಲಿ ಒಂದೆರಡು ಮಾತು ಅಪ್ರಕೃತವಾಗದು. ಪದಕ್ಕಿಷ್ಟು ಎಂದು ಹಣ ತೆರಬೇಕಾದುದರಿಂದ ಕ್ರಿಯಾಪದವೂ ಸಂಬೋಧನೆಯೂ ವಿನಯವೂ ಲೋಪವಾದುವು. ‘ತೀರ್ಥರೂಪು ತಂದೆಯವರ ಚರಣಾರವಿಂದಗಳಿಗೆ’ ಎಂದು ಆರಂಭಿಸಿ ಅರ್ಧ ಪುಟದ ಒಕ್ಕಣೆಯ ಅನಂತರ ವಿಷಯಕ್ಕೆ ಬರುತ್ತಿದ್ದ ಜನರು ‘ತಂದೆ ಅಸ್ವಸ್ಥ, ಕೂಡಲೆ ಹೊರಡು’ ಎಂಬಷ್ಟನ್ನು, ಅದನ್ನೂ ಇಂಗ್ಲಿಷಿನಲ್ಲಿ, ಬರೆಯಿಸಬೇಕಾಯಿತು. ಬರೆಯುವವನು ಹೆಚ್ಚಾಗಿ ಕಚೇರಿಯ ಗುಮಾಸ್ತನೇ. ಹಳ್ಳಿಯಲ್ಲಿ ಅದನ್ನು ಓದಿ ಹೇಳುವವನು ಶಾಲೆಯ ಮಾಸ್ತರನೋ ಶ್ಯಾನುಭೋಗನೋ. ಶುಭಾಶಯಗಳಿಗಾಗಿ ಇಲಾಖೆಯೇ ಸಿದ್ಧವಾಕ್ಯಗಳನ್ನು ಗೊತ್ತುಮಾಡಿ ಒಂದೊಂದಕ್ಕೂ ಒಂದೊಂದು ಸಂಖ್ಯೆಯನ್ನು ಕೊಟ್ಟಿತು. ಹರಸುವವನು ಸಂಖ್ಯೆಯನ್ನು ಹೇಳಿದರೆ ಸಾಕು. ಹೀಗೆ ಒಂದು ಮನೆಯ ಅತ್ಯಂತ ಗೋಪ್ಯವಾದ ಸುಖದುಃಖಗಳು ಮೊದಲು ಗುಮಾಸ್ತನಿಗೆ ತಿಳಿದು ಆ ಬಳಿಕ ಮನೆಯವರಿಗೆ ತಿಳಿಯುತ್ತಿದ್ದುವು. ತಂತಿಯ ಗುಮಾಸ್ತನಿಗೆ ಊರಿನಲ್ಲಿ ದೊರೆತ ಮರ್ಯಾದೆಗೆ ಸಂಬಳಕ್ಕಿಂತಲೂ ಇದೇ ಹೆಚ್ಚಿನ ಕಾರಣವೆಂದು ಊಹಿಸಬಹುದು. ಗುಟ್ಟನ್ನು ಬಿಡಬಾರದೆಂಬುದು ಶಾಸನದ ವಿಧಿಯೂ ಹೌದು, ಆ ಕಸಬಿನ ಮಾನವೂ ಹೌದು.

ಗುಮಾಸ್ತನ ಮೇಜಿನಿಂದ ಹೊರಗಿನ ತಂತಿಯ ಕಡೆಗೆ ಬಂದರೆ ಬೇರೊಂದು ಲೋಕವೇ ಕಾಣುವುದು. ತಂತಿ ವರ್ತಮಾನಕ್ಕೆ ಒಂದೇ ಎಳೆ ಸಾಕು. ವಿದ್ಯುತ್ತು ಹಿಂದಿರುಗುವ ದಾರಿ ಭೂಮಿಯೇ. ಆದರೆ ಎಳೆಯನ್ನು ಹೊತ್ತ ಪಿಂಗಾಣಿಯ ಬಟ್ಟಲುಗಳು ತೊಯ್ದರೆ, ಹಸಿಯ ಕೊಂಬೆಯೊಂದು ತಂತಿಗೆ ತಗಲಿದರೆ ವಿದ್ಯುತ್ತು ನಡುದಾರಿಯಲ್ಲಿಯೇ ಭೂಮಿಗಿಳಿದು ಸಂಕೇತವು ಕ್ಷೀಣವಾಗುವುದು. ವರ್ಷದ ನಾಲ್ಕು ತಿಂಗಳು ಬಿಡದೆ ಮಳೆ ಸುರಿಯುವ, ದಾರಿಯ ಎರಡು ಬದಿಗೂ ಮರಗಳು ಬಾಗಿನಿಂತ ಘಟ್ಟದಡಿಯ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಶತ್ರು ಬೇರಿಲ್ಲ. ಅನಂತರ ಬಂದ ದೂರವಾಣಿಗೆ ಜೋಡಿ ಎಳೆ ಬೇಕಾದುದರಿಂದ ಕೆಲಸವೂ ಇಮ್ಮಡಿಯಾಯಿತು. ಕಂಬ ನೆಡಲು ಮುರಕಲ್ಲಿನ ನೆಲದಲ್ಲಿ ಹಾರೆಯಿಂದ ಗುಂಡಿ ತೋಡಬೇಕು. ಬೇಸಗೆಯಲ್ಲಿ ಅದು ಬಂಡೆ, ಮಳೆಯಲ್ಲಿ ಕೆಸರು. ೧೯೨೩ರ ಮಹಾಪ್ರವಾಹವೂ ೧೯೭೪ರ ಜುಲೈಯ ಪ್ರವಾಹವೂ ಬಂಟವಾಳದ ಪೇಟೆಯನ್ನು ಮುಳುಗಿಸಿದುವು. ೨೦೧೯ರ ಆಗಸ್ಟಿನಲ್ಲಿ ಚಾರ್ಮಾಡಿಯ ಕಡೆ ಗುಡ್ಡಗಳು ಜರಿದು ಬೆಳ್ತಂಗಡಿ ತಾಲೂಕಿನ ಊರುಗಳು ಹಾಳಾದುವು. ಇಂಥ ಸಮಯಗಳಲ್ಲಿ ಕಡಿದ ಎಳೆಯನ್ನು ಮೊದಲು ಹುಡುಕಿಕೊಂಡು ಹೋಗಬೇಕಾದವನು ಲೈನ್‌ಮನ್ನು. ಒಂದು ಏಣಿ, ಇಕ್ಕಳ, ತಂತಿಯ ಸುರುಳಿ, ಪರೀಕ್ಷೆಯ ದೂರವಾಣಿ ಇಷ್ಟೇ ಅವನ ಸಾಧನಗಳು. ತನ್ನ ಪಾಲಿನ ದಾರಿಯ ಪ್ರತಿಯೊಂದು ಹಲಸಿನ ಮರವೂ ಅವನಿಗೆ ಪರಿಚಿತ.

ಈ ಲೈನ್‌ಮನ್ನನ ಕೆಳಗೆ ದಿನಗೂಲಿಯ ಮಜದೂರನಿದ್ದನು. ಗುಂಡಿ ತೋಡುವವನು, ಕಂಬ ಹೊರುವವನು, ಕೊಂಬೆ ಕಡಿಯುವವನು ಅವನೇ. ಹತ್ತು ವರ್ಷ ದುಡಿದರೂ ಇಲಾಖೆಯ ಪಟ್ಟಿಯಲ್ಲಿ ಅವನ ಹೆಸರಿಲ್ಲ. ಮಳೆಗಾಲಕ್ಕೆ ಕೆಲಸ ನಿಂತರೆ ಕೂಲಿಯೂ ಇಲ್ಲ. ಗುಮಾಸ್ತ, ಸಿಗ್ನಲರುಗಳು ೧೯೦೮ರಲ್ಲಿಯೇ ಮುಷ್ಕರ ಹೂಡಿದ್ದರು. ೧೯೪೬ರ ಜುಲೈಯಲ್ಲಿ ಟಪ್ಪಾಲು-ತಂತಿಯ ನೌಕರರು ದೇಶದಾದ್ಯಂತ ಕೆಲಸ ನಿಲ್ಲಿಸಿ ಸರಕಾರದ ಕಣ್ಣು ತೆರೆಯಿಸಿದರು. ಮಜದೂರನ ಮಾತು ನ್ಯಾಯಪೀಠದ ಮುಂದೆ ಬಂದುದು ಬಹಳ ತಡವಾಗಿ. ೧೯೮೭ರ ಅಕ್ಟೋಬರದಲ್ಲಿ ಸುಪ್ರೀಂ ಕೋರ್ಟು, ಟಪ್ಪಾಲು-ತಂತಿ ಇಲಾಖೆಯ ದಿನಗೂಲಿ ಕೆಲಸಗಾರರಿಗೆ ಅದೇ ಕೆಲಸ ಮಾಡುವ ಖಾಯಂ ನೌಕರರ ಕನಿಷ್ಠ ವೇತನಕ್ಕೆ ಸಮನಾದುದನ್ನು ಕೊಡಬೇಕೆಂದೂ, ಒಂದು ವರ್ಷಕ್ಕೆ ಮೇಲ್ಪಟ್ಟು ಎಡೆಬಿಡದೆ ದುಡಿದವರನ್ನು ಖಾಯಂ ಮಾಡಿಕೊಳ್ಳುವ ಯೋಜನೆಯೊಂದನ್ನು ರಚಿಸಬೇಕೆಂದೂ ತೀರ್ಪಿತ್ತಿತು. ಅದರ ಫಲವಾಗಿ ೧೯೮೯ರ ಅಕ್ಟೋಬರದಿಂದ ‘ತಾತ್ಕಾಲಿಕ ಸ್ಥಾನ’ವೆಂಬ ಏರ್ಪಾಡು ಜಾರಿಗೆ ಬಂದಿತು. ಇಂಗ್ಲಿಷಿನ ಬೀಗವಿಲ್ಲದೆ, ಪದವಿಪತ್ರವಿಲ್ಲದೆ, ಕೈಯ ದುಡಿಮೆಯಿಂದಲೇ ಈ ಇಲಾಖೆಯೊಳಗೆ ಬರಲು ಕೂಲಿಯವನಿಗೆ ತೆರೆದ ದೊಡ್ಡ ದಾರಿಯಿದು. ತಂತಿಯ ಚರಿತ್ರೆಯನ್ನು ಯಂತ್ರಗಳ ಚರಿತ್ರೆಯಾಗಿ ಬರೆಯುವವರು ಈ ತೀರ್ಪನ್ನು ಎತ್ತಿಹೇಳದಿರುವುದು ಸರಿಯಲ್ಲ. ದಿನಗೂಲಿಯವನ ಮಕ್ಕಳಿಗೆ ‘ಖಾಯಂ ನೌಕರನ ಮಕ್ಕಳು’ ಎಂಬ ಹೆಸರು ಬಂದುದರಿಂದ ಶಾಲೆಯಲ್ಲಿಯೂ ಮದುವೆಯ ಮಾತಿನಲ್ಲಿಯೂ ಆದ ವ್ಯತ್ಯಾಸವನ್ನು ಯಾವ ಯಂತ್ರವೂ ತಂದುಕೊಡಲಿಲ್ಲ.

ದೂರವಾಣಿಯು ಇಂಡಿಯಕ್ಕೆ ಬಂದುದು ೧೮೮೨ರಲ್ಲಿ. ಕಲ್ಕತ್ತೆ, ಬೊಂಬಾಯಿ, ಮದ್ರಾಸುಗಳಲ್ಲಿ ಖಾಸಗೀ ಕಂಪೆನಿಯೊಂದು ಅದನ್ನು ಸ್ಥಾಪಿಸಿತು. ಒಳನಾಡಿನ ಪೇಟೆಗಳಲ್ಲಿ ಅದು ವ್ಯಾಪಾರಿಗಳ, ವೈದ್ಯರ, ಸರಕಾರದವರ ಸೊತ್ತಾಗಿಯೇ ಬಹುಕಾಲ ಉಳಿಯಿತು. ಇಲ್ಲಿಯ ಊಳಿಗದ ದೃಷ್ಟಿಯಿಂದ ಮುಖ್ಯವಾದುದು ಕೈಯಿಂದ ಜೋಡಿಸುವ ವಿನಿಮಯ ಕೇಂದ್ರ. ಹೊರ ಊರಿಗೆ ಮಾತನಾಡಬೇಕಾದವನು ‘ಟ್ರಂಕ್ ಕಾಲ್’ ಬುಕ್ ಮಾಡಿ ಕಾಯಬೇಕು. ಸಾಮಾನ್ಯ, ತುರ್ತು, ಅತಿತುರ್ತು ಎಂದು ಮೂರು ಬಗೆ, ಮೂರು ಬೆಲೆ. ಆಪರೇಟರು ಹಗ್ಗದ ತುದಿಯ ಸೂಜಿಯನ್ನು ರಂಧ್ರಕ್ಕೆ ಸಿಕ್ಕಿಸಿ ಊರಿನಿಂದೂರಿಗೆ ಕೂಗುತ್ತ ದಾರಿ ಬಿಡಿಸಬೇಕು. ಇಲ್ಲಿ ಕಿವಿಯೊಡನೆ ಕಂಠವೂ ಬೇಕಾಯಿತು. ಸ್ತ್ರೀಯರು ಈ ಇಲಾಖೆಗೆ ಹೆಚ್ಚು ಸಂಖ್ಯೆಯಲ್ಲಿ ಪ್ರವೇಶಿಸಿದುದೂ ಈ ಕೆಲಸದ ಮೂಲಕವೇ. ಆಪರೇಟರು, ಗುಮಾಸ್ತ ಮೊದಲಾದ ಸ್ಥಾನಗಳಿಗೆ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಅಂಕಗಳನ್ನೇ ಆಧಾರವಾಗಿಟ್ಟುಕೊಂಡು ಆಯ್ಕೆಮಾಡುವ ಕ್ರಮವು ಬಹುಕಾಲ ನಡೆಯಿತು. ಇದರಿಂದ ಮಂಗಳೂರಿನ ಕಾಲೇಜಿಗೆ ಹೋಗಲಾರದ ಬಡ ಮನೆಯ ಹುಡುಗಿಯೂ ಊರಿನ ಹೈಸ್ಕೂಲಿನಲ್ಲಿ ಚೆನ್ನಾಗಿ ಓದಿದ್ದರೆ ಊಳಿಗವನ್ನು ಪಡೆಯುವಂತಾಯಿತು. ಹೈಸ್ಕೂಲು ಉಪಾಧ್ಯಾಯರ ಬೆತ್ತದ ಪೆಟ್ಟಿಗೆ ಇಂಥ ಫಲವುಂಟೆಂಬುದನ್ನು ತಾಯಿತಂದೆಗಳು ಚೆನ್ನಾಗಿ ಬಲ್ಲವರಾಗಿದ್ದರು.

ಆಯ್ಕೆಯಾದವರು ತರಬೇತಿಗಾಗಿ ಊರು ಬಿಡಬೇಕು. ೧೯೪೨ರಲ್ಲಿ ಆರಂಭವಾದ ಜಬ್ಬಲಪುರದ ಕೇಂದ್ರಕ್ಕೆ ಇಂಜಿನಿಯರಿಂಗ್ ವರ್ಗದವರು ಹೋಗುವರು. ಅನಂತರದ ಕಾಲದಲ್ಲಿ ಮೈಸೂರು, ಬೆಂಗಳೂರುಗಳಲ್ಲಿಯೂ ಶಿಕ್ಷಣಕೇಂದ್ರಗಳಾದುವು. ಕಲಿಯುವುದು ಪರಸ್ಥಳದಲ್ಲಿ, ಮೊದಲ ನೇಮಕವೂ ಬಹುಶಃ ಪರಸ್ಥಳದಲ್ಲಿ. ಬಳಿಕ ‘ವರ್ಗ’ಕ್ಕಾಗಿ ಅರ್ಜಿಯ ಮೇಲೆ ಅರ್ಜಿ. ಹೀಗೆ ಕೊನೆಗೆ ತನ್ನ ತಾಲೂಕಿಗೆ ಬಂದು ಸೇರುವುದು, ಅಡಿಕೆಯ ತೋಟವನ್ನೂ ನೋಡಿಕೊಂಡು ಸಂಬಳವನ್ನೂ ಪಡೆಯುವುದು ಇದೇ ಈ ಸೀಮೆಯ ನೌಕರನ ಆದರ್ಶವಾಗಿತ್ತು. ಮೇಲೇರುವ ಮೆಟ್ಟಿಲುಗಳೂ ಇದ್ದುವು. ಇಲಾಖೆಯ ಪರೀಕ್ಷೆಗಳನ್ನು ಮುಗಿಸಿ ಆಪರೇಟರು ಕಿರಿಯ ಇಂಜಿನಿಯರಾಗಬಹುದು, ಲೈನ್‌ಮನ್ನು ಪರಿವೀಕ್ಷಕನಾಗಬಹುದು. ಪರೀಕ್ಷೆಯಲ್ಲಿ ಗೆಲ್ಲದವರಿಗೂ ೧೯೮೩ರಿಂದ ಹದಿನಾರು ವರ್ಷಗಳ ಸೇವೆಗೊಂದು, ೧೯೯೦ರಿಂದ ಇಪ್ಪತ್ತಾರು ವರ್ಷಗಳ ಸೇವೆಗೊಂದು ಬಡ್ತಿ ಗೊತ್ತಾಯಿತು. ಆದರೆ ಇದೇ ಕಾಲದಲ್ಲಿ, ೧೯೮೦ರ ದಶಕದಲ್ಲಿ, ‘ಮೀಸಲು ಶಿಕ್ಷಿತರ ಪಡೆ’ಯೆಂಬ ಇನ್ನೊಂದು ಏರ್ಪಾಡೂ ಇದ್ದಿತು. ತರಬೇತಿ ಮುಗಿಸಿದರೂ ಸ್ಥಾನವಿಲ್ಲದೆ, ಗಂಟೆಯ ಲೆಕ್ಕದಲ್ಲಿ ಕೆಲಸ ಮಾಡುತ್ತ ವರ್ಷಗಟ್ಟಲೆ ಕಾದವರ ಪಡೆ ಅದು. ಬಾಗಿಲಿನ ಒಳಗೂ ಅಲ್ಲದ ಹೊರಗೂ ಅಲ್ಲದ ಈ ಹೊಸ್ತಿಲಿನ ನೌಕರರು ಮುಂದೆ ಬರಲಿದ್ದ ಕಾಲದ ಸೂಚನೆಯೆಂದು ಈಗ ತೋರುತ್ತದೆ.

ಆಪರೇಟರನ ಕಸಬಿನ ಅಂತ್ಯವು ಅದರ ಹುಟ್ಟಿನಲ್ಲಿಯೇ ಇದ್ದಿತು. ಅಮೆರಿಕದ ಸ್ಟ್ರೌಜರ್ ಎಂಬ ಶವಸಂಸ್ಕಾರದ ವ್ಯಾಪಾರಿಯು, ಆಪರೇಟರು ತನ್ನ ಗಿರಾಕಿಗಳ ಕರೆಯನ್ನು ಎದುರಾಳಿಗೆ ತಿರುಗಿಸುತ್ತಾಳೆಂಬ ಶಂಕೆಯಿಂದ ತಾನಾಗಿಯೇ ಜೋಡಿಸುವ ಯಂತ್ರವನ್ನು ಕಲ್ಪಿಸಿದನೆಂದು ಹೇಳುವರು. ೧೮೯೧ರಲ್ಲಿ ಅದಕ್ಕೆ ಅವನಿಗೆ ಹಕ್ಕುಪತ್ರವು ದೊರೆಯಿತು. ೧೯೪೮ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಮೊದಲು ತಯಾರಿಸಿದುದು ಇದೇ ಬಗೆಯ ಯಂತ್ರಗಳನ್ನು. ಈ ಕಾರ್ಖಾನೆಯೂ ಅದರ ಸುತ್ತ ಬೆಳೆದ ದೂರವಾಣಿನಗರವೂ ಕನ್ನಡನಾಡಿನಲ್ಲಿ ದೂರಸಂಪರ್ಕವನ್ನು ಒಂದು ಉದ್ಯಮವಾಗಿ ನೆಲೆಗೊಳಿಸಿದುವು. ಆದರೆ ಒಳನಾಡಿಗೆ ಯಂತ್ರವು ಸ್ವಯಂಚಾಲಿತವಾಗಿ ಬರಲು ಇನ್ನೊಂದು ಸಂಸ್ಥೆಯು ಬೇಕಾಯಿತು. ೧೯೮೪ರಲ್ಲಿ ಹುಟ್ಟಿದ ಸಿ-ಡಾಟ್ ಎಂಬ ಸಂಸ್ಥೆಯು ಸೆಕೆಯನ್ನೂ ಧೂಳನ್ನೂ ತಾಳಿಕೊಂಡು, ಶೀತಲಯಂತ್ರದ ನೆರವಿಲ್ಲದೆ ಕೆಲಸಮಾಡುವ ೧೨೮ ಸಂಪರ್ಕಗಳ ಪುಟ್ಟ ವಿನಿಮಯ ಕೇಂದ್ರವನ್ನು ನಿರ್ಮಿಸಿತು. ೧೯೮೬ರಲ್ಲಿ ಅದನ್ನು ಕಿತ್ತೂರಿನಲ್ಲಿ ಸ್ಥಾಪಿಸಿದರು. ಮುಂದಿನ ಹತ್ತು ವರ್ಷಗಳಲ್ಲಿ ಇಂಥ ಕೇಂದ್ರಗಳು ನಾಡಿನ ಹಳ್ಳಿಹಳ್ಳಿಗೂ ಹರಡ

ಿದುವು. ಕೂಗಿ ಕೂಗಿ ದಾರಿ ಬಿಡಿಸುವ ಕಂಠವು ಇನ್ನು ಬೇಡವಾಯಿತು. ಆದರೂ ಆಪರೇಟರುಗಳನ್ನು ಯಾರೂ ಮನೆಗೆ ಕಳುಹಿಸಲಿಲ್ಲವೆಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಅವರು ಬಿಲ್ಲಿನ ಕಚೇರಿಗೋ ದೂರು ಸ್ವೀಕರಿಸುವ ಮೇಜಿಗೋ ಹೋದರು. ಮೋರ್ಸ್ ಹೋಗಿ ಟೆಲಿಪ್ರಿಂಟರು ಬಂದಾಗ ಸಿಗ್ನಲರಿಗೂ ಹೀಗೆಯೇ ಆಗಿತ್ತು. ಮೇಲೆ ಎತ್ತಿದ ಪ್ರಶ್ನೆಗೆ ಉತ್ತರವು ಇಲ್ಲಿದೆ: ಕಸಬು ಅಳಿದರೂ ಸ್ಥಾನವು ಅಳಿಯುತ್ತಿರಲಿಲ್ಲ. ನೌಕರನು ನಂಬಿದ್ದುದು ತನ್ನ ಕೈಯ ವಿದ್ಯೆಯನ್ನಲ್ಲ, ಸೇವಾಪುಸ್ತಕದಲ್ಲಿ ಬರೆದಿದ್ದ ತನ್ನ ಹೆಸರನ್ನು.

ಯಂತ್ರವು ಹಳ್ಳಿಗೆ ಬಂದುದರ ಇನ್ನೊಂದು ಪರಿಣಾಮವೆಂದರೆ ಹಳದಿಯ ಹಲಗೆಯ ಎಸ್.ಟಿ.ಡಿ. ಬೂತುಗಳು. ಬೊಂಬಾಯಿಯ ಹೋಟೆಲುಗಳಿಗೂ ಕೊಲ್ಲಿಯ ದೇಶಗಳಿಗೂ ಮಕ್ಕಳನ್ನು ಕಳುಹಿಸಿದ ಈ ಜಿಲ್ಲೆಯಲ್ಲಿ ಅವು ಒಳ್ಳೆಯ ವ್ಯಾಪಾರ ಮಾಡಿದುವು. ರಾತ್ರಿ ದರ ಇಳಿಯುವುದನ್ನೇ ಕಾದು ಬೂತಿನ ಮುಂದೆ ಬೆಂಚಿನಲ್ಲಿ ಕುಳಿತವರಲ್ಲಿ ಹೆಂಗಸರೇ ಹೆಚ್ಚು. ಅಂಗವಿಕಲರಿಗೆ ಬೂತುಗಳನ್ನು ಕೊಡುವುದರಲ್ಲಿ ಪ್ರಾಶಸ್ತ್ಯವಿದ್ದುದರಿಂದ ಅನೇಕರಿಗೆ ಅದು ಸ್ವತಂತ್ರ ಜೀವನವನ್ನು ಕಲ್ಪಿಸಿತು. ಆದರೆ ಇದು ಊಳಿಗವಲ್ಲ, ಅಂಗಡಿ, ಪಿಂಚಣಿಯಿಲ್ಲ, ಬಡ್ತಿಯಿಲ್ಲ. ಕಿಸೆಯ ದೂರವಾಣಿ ಬಂದೊಡನೆ, ಹತ್ತು ಹದಿನೈದು ವರ್ಷಗಳೊಳಗಾಗಿ, ಬೂತು ಮುಚ್ಚಿತು. ಮುಚ್ಚಿದಾಗ ಅದರೊಡೆಯನನ್ನು ಬೇರೊಂದು ಮೇಜಿಗೆ ಕಳುಹಿಸುವವರು ಯಾರೂ ಇರಲಿಲ್ಲ. ಅವರಲ್ಲಿ ಕೆಲವರು ಅದೇ ಕೋಣೆಯಲ್ಲಿ ಮೊಬೈಲಿನ ರೀಚಾರ್ಜು, ದುರಸ್ತಿಗಳನ್ನು ಆರಂಭಿಸಿ ನಡೆಸಿಕೊಂಡು ಹೋದರು.

ಸರಕಾರದ ಇಲಾಖೆಯಲ್ಲಿಯೂ ಕಾಲವು ತಿರುಗುತ್ತಿದ್ದಿತು. ಟಪ್ಪಾಲೂ ದೂರಸಂಪರ್ಕವೂ ೧೯೮೫ರಲ್ಲಿ ಬೇರೆಯಾದುವು. ೧೯೯೪ರ ರಾಷ್ಟ್ರೀಯ ನೀತಿಯಿಂದ ಖಾಸಗೀ ಕಂಪೆನಿಗಳಿಗೆ ಪ್ರವೇಶವಾಯಿತು. ೨೦೦೦ದ ಅಕ್ಟೋಬರ ೧ರಂದು ಇಲಾಖೆಯ ಕೆಲಸವು ಭಾರತ ಸಂಚಾರ ನಿಗಮವೆಂಬ ಕಂಪೆನಿಗೆ ವರ್ಗವಾಯಿತು; ನೌಕರರಿಗೆ ಪಿಂಚಣಿಯ ಭರವಸೆ ದೊರೆತರೂ ಹೊಸ ನೇಮಕಗಳು ವಿರಳವಾದುವು. ೨೦೧೩ರ ಜುಲೈ ಮಧ್ಯದಲ್ಲಿ ತಂತಿಯ ಸೇವೆಯು ನಿಂತಿತು. ೨೦೧೯ರ ಕೊನೆಯಲ್ಲಿ ಐವತ್ತು ವರ್ಷ ತುಂಬಿದವರಿಗೆ ಸ್ವಯಂನಿವೃತ್ತಿಯ ಯೋಜನೆಯನ್ನು ಸಾರಲು, ದೇಶದಲ್ಲಿ ಸುಮಾರು ೭೮,೫೦೦ ಮಂದಿ ೨೦೨೦ರ ಜನವರಿ ೩೧ರಂದು ಒಂದೇ ದಿನ ಕೆಲಸ ಬಿಟ್ಟರು. ನಿಗಮದ ನೌಕರರಲ್ಲಿ ಇದು ಹೆಚ್ಚು ಕಡಿಮೆ ಅರ್ಧ ಭಾಗ. ೧೯೮೯ರ ಏರ್ಪಾಡಿನಿಂದ ಖಾಯಂ ಆದ ಹಳೆಯ ಮಜದೂರರು ಅಷ್ಟುಹೊತ್ತಿಗೆ ಐವತ್ತನ್ನು ದಾಟಿದವರೇ.

ಇಷ್ಟರಲ್ಲಿ ವಿದ್ಯೆಯ ಸ್ಥಾನವು ಬದಲಾಯಿತು. ಸುರತ್ಕಲ್ಲಿನ ಪ್ರಾಂತೀಯ ಇಂಜಿನಿಯರಿಂಗ್ ಕಾಲೇಜು ೧೯೬೦ರಲ್ಲಿ ಆರಂಭವಾದಾಗ ಜಿಲ್ಲೆಗೆ ಅದೊಂದೇ ದೊಡ್ಡ ಆಶ್ರಯ. ಈಗ ವಿಚಾರಕ್ಕೆ ತೆಗೆದುಕೊಂಡ ಮೂರು ತಾಲೂಕುಗಳಲ್ಲಿಯೂ ಇಂಥ ಕಾಲೇಜುಗಳುಂಟು: ಬಂಟವಾಳ ತಾಲೂಕಿನ ಬೆಂಜನಪದವಿನಲ್ಲಿ ೨೦೦೧ರಿಂದ, ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ ೨೦೦೭ರಿಂದ, ಮೂಡಬಿದಿರೆಯ ಬಳಿಯ ಮಿಜಾರಿನಲ್ಲಿ ೨೦೦೭-೦೮ರಿಂದ ಎರಡು. ಎಲ್ಲದರಲ್ಲಿಯೂ ‘ಎಲೆಕ್ಟ್ರಾನಿಕ್ಸ್ ಮತ್ತು ಸಂವಹನ’ದ ಶಾಖೆಯಿದೆ. ಹಿಂದೆ ಕಲಿಯಲು ಜಬ್ಬಲಪುರಕ್ಕೆ ಹೋಗಿ ದುಡಿಯಲು ಊರಿಗೆ ಬರುತ್ತಿದ್ದರು. ಈಗ ಊರಿನಲ್ಲಿ ಕಲಿತು ದುಡಿಯಲು ಬೆಂಗಳೂರಿಗೋ ಪರದೇಶಕ್ಕೋ ಹೋಗುವರು. ಅಲ್ಲಿ ಅವರಲ್ಲಿ ಹೆಚ್ಚಿನವರ ಕೆಲಸ ಕಂಬದ ಮೇಲೂ ಅಲ್ಲ, ಮೇಜಿನ ಕಡ್ಡಿಯಲ್ಲೂ ಅಲ್ಲ, ಗಣಕಯಂತ್ರದ ಲಿಪಿಯಲ್ಲಿ. ಸಂಬಳವು ಹಿಂದಿನ ಸಿಗ್ನಲರನ ಊಹೆಗೂ ಮೀರಿದುದು. ಆದರೆ ಅಳಿದ ಕಸಬಿನಿಂದ ಹೊಸ ಕಸಬಿಗೆ ದಾಟಿಸುತ್ತಿದ್ದ ಸೇವಾಪುಸ್ತಕವು ಅಲ್ಲಿ ಇಲ್ಲ. ೨೦೧೨ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ೧೨೨ ಪರವಾನಗಿಗಳನ್ನು ರದ್ದುಮಾಡಿದಾಗಲೂ, ೨೦೧೬ರ ಅನಂತರ ದರದ ಸ್ಪರ್ಧೆಯಲ್ಲಿ ಕಂಪೆನಿಗಳು ಒಂದೊಂದಾಗಿ ಮುಚ್ಚಿದಾಗಲೂ ಅವುಗಳ ನೌಕರರು ತಮ್ಮ ದಾರಿಯನ್ನು ತಾವೇ ನೋಡಿಕೊಳ್ಳಬೇಕಾಯಿತು. ಹಳೆಯ ವಿದ್ಯೆ ಹಳತಾದಾಗ ಹೊಸದನ್ನು ಸ್ವಂತ ಖರ್ಚಿನಿಂದ, ರಾತ್ರಿಯ ವೇಳೆ, ತಾನೇ ಕಲಿತುಕೊಳ್ಳಬಲ್ಲವನು ಈ ಉದ್ಯಮದಲ್ಲಿ ಉಳಿಯುತ್ತಾನೆ.

ಊರಿನ ದಾರಿಗಳಲ್ಲಿ ಕೆಲಸವೇನೂ ಮುಗಿದಿಲ್ಲ. ಗ್ರಾಮ ಪಂಚಾಯತಿಗಳನ್ನು ಜೋಡಿಸಲು ೨೦೧೧ರಲ್ಲಿ ಒಪ್ಪಿಗೆಯಾದ ಯೋಜನೆಯಂತೆ ಗಾಜಿನ ಎಳೆಗಳನ್ನು ಹಾಕಿದ್ದಾರೆ. ರಸ್ತೆಯನ್ನು ಅಗಲಿಸುವ ಯಂತ್ರಗಳು ಅವನ್ನು ಮತ್ತೆ ಮತ್ತೆ ಕಡಿದುಹಾಕುತ್ತವೆ. ೨೦೨೦-೨೧ರಲ್ಲಿ ಶಾಲೆಗಳು ಮುಚ್ಚಿದ್ದಾಗ ಘಟ್ಟದಡಿಯ ಹಳ್ಳಿಗಳ ಮಕ್ಕಳು ಸಂಕೇತವನ್ನು ಅರಸುತ್ತ ಗುಡ್ಡವೇರಿ, ಕೊಡೆ ಹಿಡಿದು ಪಾಠ ಕೇಳಿದರು. ಕೂದಲಿನಷ್ಟು ತೆಳ್ಳಗಿನ ಆ ಗಾಜಿನ ಎಳೆಯ ಎರಡು ತುದಿಗಳನ್ನು ಕೂಡಿಸುವ ಕೆಲಸವು ಮೋರ್ಸನ ಕಡ್ಡಿಯಷ್ಟೇ ಕುಶಲವಾದುದು. ಮಳೆಯಲ್ಲಿ ತಾಡಪಾಲಿನ ಕೆಳಗೆ ಕುಳಿತು ಅದನ್ನು ಮಾಡುವ ತರುಣನು ಹೆಚ್ಚಾಗಿ ಗುತ್ತಿಗೆದಾರನ ಕಡೆಯವನು, ಕೆಲಸವಿದ್ದ ದಿನಕ್ಕೆ ಕೂಲಿ ಪಡೆಯುವವನು.